ಸೋಫಾದಲ್ಲಿ ಕೂತ ಅಪ್ಪ

ಸಿನಿಮಾದವರ ಪಕ್ಕದಲ್ಲಿ ಮನೆ ಮಾಡಿದರೆ ಏನಾದರೊಂದು ಆಗುತ್ತಲೇ ಇರುತ್ತದೆ. ಆಗಿದ್ದು ಏನು ಅಂತ ನನಗೆ ತಿಳಿಯುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ.

ಗೈದರ್ಸ್‌ಬರ್ಗ್‌ನಲ್ಲಿ ನಮ್ಮ ಪಕ್ಕದ ಬೇಸ್‌ಮೆಂಟ್‌ನಲ್ಲಿರುವವರು ನೇಪಾಳದ ಡೈರೆಕ್ಟರ್. ಅವರ ಸಿನಿಮಾಕ್ಕೆ ಅವರೇ ಹೀರೊ, ಅವರೇ ಡ್ರೈವರ್, ಎಲ್ಲರಿಗೂ ಮೊಮೊ ಮಾಡಿ ಹಾಕುವವರೂ ಅವರೇ. ಮೊದಲಿನ ಸಿನಿಮಾಗಳನ್ನು ಯಾರೂ ನೋಡಿರಲಿಲ್ಲ. ಇದನ್ನೂ ಯಾರೂ ನೋಡದಿದ್ದರೆ ಕ್ಯಾಮೆರಾ ಮಾರಿಬಿಡುತ್ತೇನೆ ಅಂತ ಹೆಂಡತಿಗೆ ಮಾತು ಕೊಟ್ಟಿದ್ದರು.

೧. ನಾನು ಸೌಂಡ್ ಆದದ್ದು

ಒಂದು ದಿನ ಬಾಗಿಲು ತಟ್ಟಿ, ಸೌಂಡ್ ಮಾಡಲು ನೀವು ಬರಬೇಕು ಅಂದರು. ನನಗೆ ಅದರ ಗಂಧಗಾಳಿ ಇಲ್ಲ ಅಂತ ಹೇಳಬೇಕಿತ್ತು. ಹೇಳಲು ನಾಚಿಕೆಯಾಗಿ ತಲೆಯಾಡಿಸಿದೆ. ಉದ್ದ ಕೋಲಿಗೆ ಕಟ್ಟಿದ ಮೈಕ್ ಕೈಗೆ ಬಂತು. ನಾನೇ ಯಾಕೆ ಅಂತ ಆಮೇಲೆ ಧೈರ್ಯ ಮಾಡಿ ಕೇಳಿದೆ.

"ಇಷ್ಟು ದಿನ ಪಕ್ಕದಲ್ಲಿದ್ದೀರಿ, ನಿಮ್ಮ ದನಿ ನಾನು ಕೇಳಿಯೇ ಇಲ್ಲ. ಈ ಕೆಲಸಕ್ಕೆ ಬೇಕಾದ್ದು ಅದೊಂದೇ."

೨. ಅಮ್ಮ ಬೇಕಾಗಿದ್ದಾರೆ

ಕಥೆ ಇಷ್ಟೇ. ಅಪ್ಪ ತೀರಿಕೊಂಡ ಮನೆಯಲ್ಲಿ ಅಮ್ಮ ಮತ್ತು ಮಗ. ಅಮ್ಮನಾಗಬೇಕಿದ್ದ ನೇಪಾಳಿ ಆಂಟಿ ಮಗಳ ಬಾಣಂತನಕ್ಕೆಂದು ದಿಢೀರನೆ ಅಟ್ಲಾಂಟಾಕ್ಕೆ ಹೋಗಿಬಿಟ್ಟರು. ಅಮ್ಮನಿಗೆ ಮಾತಿಲ್ಲ, ಬರೀ ಅಳು ತಾನೇ ಅಂತ, ನಾನು ಎಲಿಕಾಟ್ ಸಿಟಿಯಲ್ಲಿರುವ ಮೈಸೂರಿನ ಆಂಟಿಯೊಬ್ಬರಿಗೆ ಮೆಸೇಜ್ ಮಾಡಿ ಒಪ್ಪಿಸಿದೆ. ಶೂಟಿಂಗ್ ಅವರ ಮನೆಯಲ್ಲೇ.

ಆಂಟಿ ಸೊಗಸಾಗಿ ಅತ್ತರು. ಕುಂಕುಮ, ತಾಳಿ ತೆಗೆಯಬೇಕು ಅಂದ ಕೂಡಲೇ ಅಳು ನಿಂತಿತು.

"ನಮ್ಮನೆಯವರು ಗುಂಡುಕಲ್ಲಿನ ಹಾಗೆ ಅಲ್ಲಿ ಕೂತಿದ್ದಾರೆ. ನಾನ್ಯಾಕಮ್ಮ ತೆಗೀಲಿ?"

ಡೈರೆಕ್ಟರ್, ಸರಿ, ಅಪ್ಪ ಬದುಕಿರಲಿ ಅಂದರು. ಆದರೆ ಮಗ ಅಳುವ ಸೀನ್‌ಗಳು ಆಗಲೇ ಶೂಟ್ ಆಗಿದ್ದವು. ಅಪ್ಪ ಬದುಕಿರುವಾಗ ಅವನು ಯಾಕೆ ಅಷ್ಟೊಂದು ಅಳುತ್ತಾನೆ ಅಂತ ನಮಗ್ಯಾರಿಗೂ ಗೊತ್ತಾಗಲಿಲ್ಲ. ಅವನ ಪಾರ್ಟು ಮಾಡಿದ ಡೈರೆಕ್ಟರಿಗೂ.

೩. ಒಂದು ನಿಮಿಷ

ಬದುಕಿರುವ ಅಪ್ಪ ಕಾಣಬೇಕಲ್ಲ. ಅಂಕಲ್ ಹೇಗೂ ಸೋಫಾದಲ್ಲಿದ್ದರು, ಕ್ಯಾಮೆರಾಕ್ಕೆ ಬೆನ್ನು ಹಾಕಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಆಫೀಸಿನಲ್ಲಿ ಏನೋ ಡೌನ್ ಆಗಿತ್ತಂತೆ. ಈ ಕಡೆ ತಿರುಗಿ ಅಂತ ಕೇಳಿಕೊಂಡಾಗ, ಒಂದು ನಿಮಿಷ ಅಂತ ಬೆರಳೆತ್ತಿದರು. ಆ ನಿಮಿಷ ಮುಗಿಯುವ ಮೊದಲೇ ನಮ್ಮ ಶೂಟಿಂಗ್ ಮುಗಿಯಿತು.

೪. ಡರ್ಹಮ್‌ನಲ್ಲಿ

ನಾಲ್ಕೈದು ಗಂಟೆ ದಾರಿಯ ಡರ್ಹಮ್‌ನ ಒಂದು ಪುಟ್ಟ ಚಿತ್ರೋತ್ಸವದವರು, ಅದೇನು ಕಂಡರೋ, ಸಿನಿಮಾ ತೆಗೆದುಕೊಂಡರು. ಪುಳಿಯೋಗರೆ ಕಟ್ಟಿಕೊಂಡು ಎಲ್ಲರೂ ಒಂದೇ ವ್ಯಾನ್‌ನಲ್ಲಿ ಹೋದೆವು.

ಸಿನಿಮಾ ಮುಗಿದು ದೀಪ ಹತ್ತಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಡೈರೆಕ್ಟರ್ ಕ್ಯಾಮೆರಾ ಬ್ಯಾಗನ್ನು, ಗಂಡನ ಮನೆಗೆ ಹೊರಟ ಮಗಳನ್ನು ಹಿಡಿದ ಹಾಗೆ, ಹಿಡಿದು ಕೂತಿದ್ದರು.

ಮುಂದಿನ ಸಾಲಿನ ಬಿಳಿಕೂದಲ ಹೆಂಗಸೊಬ್ಬರು ಎದ್ದು, ಪ್ರಶ್ನೆ ಕೇಳಲು ಕೊಟ್ಟ ಮೈಕ್ ಹಿಡಿದು ಕಣ್ಣೊರೆಸಿಕೊಂಡರು. ಸತ್ತ ಅಪ್ಪ ಮುಖ ತೋರಿಸದೆ ಮನೆಯಲ್ಲೇ ಇರುವುದು, ಬೆರಳೆತ್ತಿ ಮೇಲಿನ ಲೋಕ ತೋರಿಸುವುದು ನೋಡಿ ತೀರಿಹೋದ ತಮ್ಮ ಗಂಡನ ನೆನಪಾಯಿತು ಅಂದರು. ಡೈರೆಕ್ಟರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಅಂಕಲ್ ನಿಧಾನವಾಗಿ ಆಂಟಿಯ ಕಡೆ ಬಾಗಿದರು. "ಅಲ್ಲ ಕಣೇ, ನಾನು ಸತ್ತಿದ್ದೀನಾ?"

ಆಂಟಿ ಎದ್ದು ಆ ಹೆಂಗಸಿನ ಕೈಯಿಂದ ಮೈಕ್ ಕಿತ್ತುಕೊಂಡು, ಕುಂಕುಮ ಸರಿಮಾಡಿಕೊಂಡು, ಇಡೀ ಹಾಲ್‌ಗೆ ಇಂಗ್ಲಿಷಿನಲ್ಲಿ ಹೇಳಿದರು. "ನನ್ನ ಗಂಡ ಸತ್ತಿಲ್ಲ. ಮನೆಯಲ್ಲಿ ಅವರು ಇರೋದೇ ಹಾಗೆ."

ಅಲ್ಲಿದ್ದ ಹೆಂಗಸರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕ್ಯಾಮೆರಾ ಮಾರುವ ಮಾತು ಅಲ್ಲಿಗೆ ನಿಂತಿತು. ವಾಪಸ್ ಬರುವಾಗ ಅಂಕಲ್ ದಾರಿಯುದ್ದಕ್ಕೂ ಲ್ಯಾಪ್‌ಟಾಪ್ ತೆರೆಯಲಿಲ್ಲ.