ಇಳಕಲ್ ಸೀರೆ ಕಿಟಕಿಯನ್ನೇರಿದ ವೃತ್ತಾಂತ

೨೦೨೨ನೆಯ ಇಸವಿ ಮಾರ್ಚ್ ಹದಿಮೂರು, ಭಾನುವಾರ, ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷ.

ಸೂಜಿಯ ಕಣ್ಣಿನಲ್ಲಿ ದಾರವಾಗಿ ಹಾಯ್ದು ಹರಿದುದನ್ನು ಕೂಡಿಸುವ ವಾಗ್ದೇವಿಯೇ, ಒಂದು ಗಳಿಗೆ ಈ ನಾಲಗೆಯ ಮೇಲೆ ನಿಲ್ಲು. ಬಾಗಲಕೋಟೆಯ ನವನಗರದಲ್ಲಿ ಅಂದು ಆರಂಭವಾಗಿ ಅಂದೇ ಸಂಜೆ ಮುಗಿದ ಮಹಾಸಮರವನ್ನು ಹೇಳಬೇಕಾಗಿದೆ. ಆಗ ಕಲಿಯುಗ ನಡೆಯುತ್ತಿತ್ತು. ಉಷ್ಣಮಾನ ಮೂವತ್ತೇಳು ಡಿಗ್ರಿಗೆ ಏರಿತ್ತು. ಹಳೆಯ ಊರನ್ನು ಆಣೆಕಟ್ಟಿನ ನೀರಿಗೆ ಬಿಟ್ಟುಬಂದ ಜನ ಸೆಕ್ಟರ್‌ಗಳಲ್ಲಿ ನೆಲೆಗೊಂಡು, ಮನೆಗೆ ಎರಡು ಸಲ ಬಣ್ಣ ಹೊಡೆಸಿ ಆಗಿತ್ತು. ಅಂಥ ಒಂದು ಮನೆಯ ಪಡಸಾಲೆಯಲ್ಲಿ, ಪಶ್ಚಿಮಕ್ಕೆ ತೆರೆದ ಕಿಟಕಿಯ ಬದಿಯಲ್ಲಿ, ಮುಳುಗಿದ ಊರಿನಿಂದ ಲಾರಿಯೇರಿ ಬಂದ ತಗಡಿನ ಪೆಟ್ಟಿಗೆಯೊಂದು ಆರ್ತನಾದಗೈದು ಬಾಯ್ತೆರೆಯಿತು. ಅರಿವೆಗೆ ನುಸಿ ಹತ್ತದಂತೆ ಇಟ್ಟಿದ್ದ ಡಾಂಬರ ಗುಳಿಗೆಯ ವಾಸನೆ ಅಡುಗೆಮನೆಯವರೆಗೂ ವ್ಯಾಪಿಸಿತು.

ಪೆಟ್ಟಿಗೆಯ ಒಂದು ಬದಿಗೆ ನಿಂತವಳು ಹೊಲಿಗೆಯಂತ್ರಾರೂಢೆ, ಕರಾಳಕರ್ತರೀಧಾರಿಣಿ, ಆ ಮನೆಯ ಸೊಸೆ ದಾಕ್ಷಾಯಣಿ. ಇನ್ನೊಂದು ಬದಿಗೆ ಕುರ್ಚಿಯಲ್ಲಿ ಆಸೀನಳಾದವಳು ಕೀಲಿಕೈಕಟಿಭೂಷಿತೆ, ರಥ್ಯಾವಲೋಕನಧುರಂಧರೆ, ಅತ್ತೆ ಬಸಲಿಂಗವ್ವ. ಇಬ್ಬರ ನಡುವೆ ಉಕ್ಕಿನ ಟೇಪನ್ನು ಗದೆಯಂತೆ ಹಿಡಿದು ನಿಂತವನು ಗುರುಬಸಪ್ಪ. ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಮಗ, ವೃತ್ತಿಯಿಂದ ಪಾಲಿಟೆಕ್ನಿಕ್ ಅಧ್ಯಾಪಕ, ಅಳೆಯದೆ ಏನನ್ನೂ ನಂಬದವನು.

ಯುದ್ಧದ ಮೂಲವನ್ನು ಹೇಳಬೇಕು. ಹಿಂದಿನ ತಿಂಗಳು ಮಹಿಳಾ ಮಂಡಳದ ಅಧ್ಯಕ್ಷೆ ಕಮಲಾಕ್ಷಿ ಅಕ್ಕಾರು ಇದೇ ಪಡಸಾಲೆಯಲ್ಲಿ ಚಹಾ ಕುಡಿದು, ನಾಲ್ಕೂ ಗೋಡೆ ನೋಡಿ, "ಸ್ವಚ್ಛ ಐತಿ ಬಿಡ್ರಿ. ದವಾಖಾನಿ ಒಳಗ ಬಂದು ಕುಂತಂಗಾತು" ಎಂದಿದ್ದರು. ಆ ವಾಕ್ಯ ದಾಕ್ಷಾಯಣಿಯ ಎದೆಯಲ್ಲಿ ಮುರಿದ ಬಾಣದಂತೆ ಉಳಿದಿತ್ತು. ಇಂದು ಸಂಜೆ ಐದಕ್ಕೆ ಮಂಡಳ ಮತ್ತೆ ಬರುವುದಿತ್ತು. ಅಷ್ಟರೊಳಗೆ ಪೆಟ್ಟಿಗೆಯ ಹಳೆಯ ಅರಿವೆಗಳಿಂದಲೇ ಪಡಸಾಲೆಯನ್ನು ಸಿಂಗರಿಸುವೆನೆಂದು ಅವಳು ಪ್ರತಿಜ್ಞೆ ಮಾಡಿದ್ದಳು.

ಬಸಲಿಂಗವ್ವನಿಗೆ ಸಿಂಗಾರದ ಮೇಲೆ ಹಗೆಯಿರಲಿಲ್ಲ. ಅವಳ ರಾಜ್ಯವೊಂದೇ, ಆ ಕಿಟಕಿ. ಮೊಣಕಾಲು ಕೈಕೊಟ್ಟ ಮೇಲೆ ಅವಳು ಗೇಟಿನವರೆಗೂ ಹೋದವಳಲ್ಲ. ಮಧ್ಯಾಹ್ನ ಮೂರರಿಂದ ದೀಪ ಹಚ್ಚುವವರೆಗೆ ಕಿಟಕಿಗೆ ತಾಗಿದ ಕುರ್ಚಿಯಲ್ಲಿ ಕುಳಿತು ರಸ್ತೆಯನ್ನು ಪಾಲಿಸುವಳು. ಸೊಪ್ಪಿನ ಗಾಡಿ, ಶಾಲೆ ಬಿಟ್ಟ ಹುಡುಗಿಯರ ಸೈಕಲ್ಲು, ಎಲ್ಲಕ್ಕಿಂತ ಮಿಗಿಲಾಗಿ ಎದುರುಮನೆಯ ನಿವೃತ್ತ ಕಂಡಕ್ಟರ್ ತನ್ನ ಸ್ಕೂಟರಿಗೆ ಕಿಕ್ ಹೊಡೆದು ಹೊಡೆದು ಸೋಲುವ ದೃಶ್ಯ. ಪಡುವಣ ಬಿಸಿಲೂ ಅದೇ ವೇಳೆಗೆ ಅದೇ ಕಿಟಕಿಯಿಂದ ಒಳನುಗ್ಗಿ ಸೋಫಾದ ಬಣ್ಣ ಹೀರುತ್ತಿತ್ತು. ಆದ್ದರಿಂದ ಪಡದೆ ಬಂದರೆ, ಬಸಲಿಂಗವ್ವ ರಾಜ್ಯವಾಳುವ ಹೊತ್ತಿಗೇ ಅದು ಮುಚ್ಚಿರಬೇಕಾಗಿತ್ತು.

ಮೊದಲ ಕಾಳಗಗಳು ಸಣ್ಣವು. ಗುಳೇದಗುಡ್ಡದ ರವಿಕೆಯ ಖಣಗಳು ದಿಂಬಿನ ಚೀಲಗಳಾಗಲು ಪ್ರತಿರೋಧವಿಲ್ಲದೆ ಶರಣಾದವು. ಎರಡನೆಯ ವ್ಯೂಹದಲ್ಲಿ, ದಿವಂಗತ ಮಾವನವರ ಜರಿಯಂಚಿನ ರುಮಾಲು ಊಟದ ಮೇಜಿನ ನಡುವೆ ಹಾಸಲು ಆಯ್ಕೆಯಾದಾಗ ಬಸಲಿಂಗವ್ವ ಗರ್ಜಿಸಿದಳು.

"ನಿಮ್ಮ ಮಾವ ಇದನ್ನ ಸುತ್ತಿಕೊಂಡು ಹೊರಗ ಬಂದ್ರ ಕಟ್ಟಿ ಮ್ಯಾಲಿನ ಮಂದಿ ಎದ್ದು ನಿಂದರತಿದ್ರು. ಈಗ ಅದರ ಮ್ಯಾಲೆ ಸಾರಿನ ಬೋಗಾಣಿ ಇಡಾಕ ಹೊಂಟೀಯೇನವಾ?"

"ಬೋಗಾಣಿ ಇಡೂದಿಲ್ರಿ ಅತ್ತೀ. ಬರೇ ಹೂದಾನಿ."

ಬಸಲಿಂಗವ್ವ ವಿಚಾರಮಗ್ನಳಾದಳು. "ಹೂದಾನಿ ಆದ್ರ ಅಡ್ಡಿಯಿಲ್ಲ. ಅವರಿಗೆ ಹೂವಂದ್ರ ಸೇರತಿತ್ತು. ಆದ್ರ ಒಗದು ಹಾಸು."

ರುಮಾಲು ಒಗೆಯಲ್ಪಟ್ಟಿತು. ಹೀಗೆ ಎರಡು ಕೋಟೆಗಳು ಬಿದ್ದವು.

ಆಗ ಪೆಟ್ಟಿಗೆಯ ತಳದಿಂದ, ಹಳದಿಗಟ್ಟಿದ ಪಂಚೆಯಲ್ಲಿ ಸುತ್ತಿದ್ದ ಅದು ಎದ್ದು ಬಂತು. ಇಳಕಲ್ ಸೀರೆ. ನವಿಲುಹಸಿರಿನ ನೂಲಿನ ಒಡಲು, ಎರಡೂ ಬದಿಗೆ ಅಂಗೈಯಗಲದ ಕೆಂಪು ರೇಷ್ಮೆಯ ಅಂಚು, ಬಿಳಿಯ ಗೋಪುರಗಳ ಸಾಲು ನೆಯ್ದ ಕೆಂಪು ಸೆರಗು. ನಲವತ್ತು ವರ್ಷ ಕತ್ತಲಲ್ಲಿ ತಪಸ್ಸು ಮಾಡಿದ್ದ ಆ ಹಸಿರು ಬೆಳಕಿಗೆ ಬಿದ್ದೊಡನೆ ಪಡಸಾಲೆಯ ಸುಣ್ಣದ ಗೋಡೆಗಳು ಕಳೆಗುಂದಿದವು. ದಾಕ್ಷಾಯಣಿ ಅದನ್ನೆತ್ತಿ ಕಿಟಕಿಗೆ ಅಡ್ಡಹಿಡಿದು, ಸಭೆಯನ್ನುದ್ದೇಶಿಸಿ ನುಡಿದಳು.

"ನೋಡ್ರಿ ಅತ್ತೀ, ನನ್ನ ಕೈಯಾಗ ಕತ್ತರಿ ಐತಿ, ಮಷೀನಿಗೆ ಎಣ್ಣಿ ಬಿಟ್ಟೀನಿ. ಇವತ್ತ ಐದು ಗಂಟೆ ಒಳಗ ಈ ಕಿಡಕಿಗೆ ಈ ಸೀರಿ ಪಡದಿ ಆಗಿ ನಿಂದರಬೇಕು. ಆ ಕಮಲಾಕ್ಷಿ ಅಕ್ಕಾರ ಬಾಯಾಗಿನ ಚಹಾ ಬಾಯಾಗ ಉಳಿಬೇಕು. ಅದು ಆಗಲಿಲ್ಲಂದ್ರ ಈ ಮಷೀನ್ ಮುಟ್ಟೂದಿಲ್ಲ ನಾ!"

ಹೊಲಿಗೆಯಂತ್ರದ ಚಕ್ರ ತಾನಾಗಿಯೇ ಅರ್ಧ ಸುತ್ತು ತಿರುಗಿತೆಂದು ಹೇಳಬಹುದು. ಫ್ಯಾನಿನ ಗಾಳಿಯೂ ಇತ್ತು.

ಬಸಲಿಂಗವ್ವ ಕುರ್ಚಿಯಿಂದ ಏಳಲಿಲ್ಲ. ಅವಳ ಕುಲದಲ್ಲಿ ಕುಳಿತೇ ಯುದ್ಧ ಮಾಡುವ ಪದ್ಧತಿ.

"ಸೀರಿ ನಂದು, ಕೊಟ್ಟೀನಿ ತಗೋ. ಪಡದಿ ಮಾಡು, ಪರಕಾರ ಮಾಡು, ನಾ ಬ್ಯಾಡನ್ನೂದಿಲ್ಲ. ಆದ್ರ ನನಗ ರಸ್ತಾ ಕಾಣಬೇಕು. ರಸ್ತಾ ಕಾಣದಿದ್ರ ಈ ಹೊತ್ತು ಯಾರು ಎಲ್ಲಿಗೆ ಹ್ವಾದ್ರು, ಯಾರ ಮನಿಗೆ ಯಾರು ಬಂದ್ರು ಅಂತ ನನಗ್ಯಾರು ಹೇಳವ್ರು? ನೀ ಹೇಳತೀಯೇನು? ನಿನಗ ಎದುರು ಮನಿಯಾಕಿ ಹೆಸರ ಗೊತ್ತಿಲ್ಲ."

ಅದು ಸತ್ಯವಾಗಿತ್ತು.

ಮಹಾಯುದ್ಧಗಳಿಗೆ ಮುನ್ನ ಸಂಧಾನ ನಡೆಯುವುದುಂಟು. ಬಸಲಿಂಗವ್ವ ಬಲಗೈಯೆತ್ತಿ ಹೆಬ್ಬೆರಳನ್ನೂ ತೋರುಬೆರಳನ್ನೂ ಅಗಲಿಸಿದಳು. "ಪೂರಾ ಬ್ಯಾಡ. ಕೆಳಗ ಇಷ್ಟ ಬಿಡು. ಒಂದು ಚೋಟು. ನಾ ಅದರಾಗ ನೋಡಕೋತೀನಿ."

"ಚೋಟು ಬಿಟ್ರ ಗಿಡ್ಡ ಚೊಣ್ಣ ಹಾಕಿದಂಗ ಕಾಣತೈತ್ರಿ! ಪಡದಿ ಕಿಡಕಿ ಕಟ್ಟಿಗೆ ಮುಟ್ಟಬೇಕು. ರೀ, ನೀವರೆ ಹೇಳ್ರಿ."

ಎರಡು ಜೊತೆ ಕಣ್ಣುಗಳು ತನ್ನ ಮೇಲೆ ಬಿದ್ದುದನ್ನು ಕಂಡ ಗುರುಬಸಪ್ಪ, ಸಂಕಟದಲ್ಲಿ ತಾನು ಸದಾ ಮಾಡುವುದನ್ನೇ ಮಾಡಿದ. ಟೇಪು ಎಳೆದು ಅಳೆದ. ಪಡದೆ ತೂಗುವ ಸರಳಿನಿಂದ ಕಿಟಕಿಯ ಕಟ್ಟೆಯವರೆಗೆ ನೂರ ನಲವತ್ತೆರಡು ಸೆಂಟಿಮೀಟರ್. ಎಡಕ್ಕೂ ಅಷ್ಟೇ, ಬಲಕ್ಕೂ ಅಷ್ಟೇ. "ನೂರಾ ನಲವತ್ತೆರಡು" ಎಂದು ಅವನು ಘೋಷಿಸಿದ ಧ್ವನಿಯಲ್ಲಿ ಎಷ್ಟು ಗಾಂಭೀರ್ಯವಿತ್ತೆಂದರೆ, ಅದೇ ತೀರ್ಪೆಂದು ಎರಡೂ ಪಕ್ಷದವರು ತಿಳಿದರು. ಸಂಧಾನ ಮುರಿಯಿತು.

ಕತ್ತರಿಸುವ ಮುನ್ನ ದಾಕ್ಷಾಯಣಿಯ ಕೈ ಒಂದು ಕ್ಷಣ ತಡೆಯಿತು. "ರೀ, ಮುಂದ ಒಗದಾಗ ಇದು ಕುಗ್ಗತೈತೇನು? ನಾಕು ಬೆರಳು ಹೆಚ್ಚಿಗೆ ಬಿಡಲೇನು?"

ಗುರುಬಸಪ್ಪನಿಗೆ ಇದು ಗೊತ್ತಿದ್ದ ವಿಷಯ. ಗೊತ್ತಿದ್ದ ವಿಷಯ ಎದುರಾದಾಗ ಅವನ ಎದೆ ಎರಡಂಗುಲ ಹಿಗ್ಗುತ್ತಿತ್ತು.

"ಮಗ್ಗದ ಮ್ಯಾಲೆ ನೂಲು ಬಿಗಿದು ನಿಂತಿರತೈತಿ. ಮೊದಲ್ನೇ ಸಲ ನೀರಿಗೆ ಬಿದ್ದಾಗ ಆ ಬಿಗಿ ಸಡ್ಲ ಆಗಿ ಅರಿವಿ ಕುಗ್ಗತೈತಿ. ಹೆಚ್ಚು ಕಡಿಮಿ ನೂರಕ್ಕ ಹತ್ತು. ಆಮ್ಯಾಲೆ ನೀ ಎಷ್ಟ ಒಗಿ, ಅದು ಜಗ್ಗೂದಿಲ್ಲ. ಇದು ನಲವತ್ತು ವರ್ಷದ ಸೀರಿ. ಎಷ್ಟು ಸಲ ಒಗದಾರೋ ಏನೋ. ಕುಗ್ಗೂದೆಲ್ಲಾ ಕುಗ್ಗಿ ಮುಗದೈತಿ. ಕತ್ತರಸು."

ಈ ವಿವರಣೆಯಲ್ಲಿ ಶಾಸ್ತ್ರದೋಷ ಯಾವುದೂ ಇರಲಿಲ್ಲ. ಬಸಲಿಂಗವ್ವ ಆಗ ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಮಗನ ಮಾತನ್ನು ಪೂರ್ತಿ ಕೇಳಿದಳು. ಸುಲಿಯುತ್ತಲೇ ಇದ್ದಳು.

ಕತ್ತರಿ ಹರಿಯಿತು. ಆಹಾ, ಆ ಕತ್ತರಿಯ ಚೀತ್ಕಾರವನ್ನು ಹೇಗೆ ಬಣ್ಣಿಸಲಿ! ಹಸಿರುಗಾಡಿನ ನಡುವೆ ಕಾಳ್ಗಿಚ್ಚು ದಾರಿ ಮಾಡಿಕೊಂಡಂತೆ ಅದು ಒಡಲನ್ನು ಸೀಳಿತು. ಮಡಿಕೆಗೆ ಎರಡೆರಡು ಸೆಂಟಿಮೀಟರ್ ಮಾತ್ರ ಬಿಟ್ಟು ಎರಡು ಪಡದೆಗಳು ಬೇರ್ಪಟ್ಟವು. ಸೆರಗು ಸೋಫಾದ ಬೆನ್ನೇರಿತು. ಉಳಿದ ಒಡಲು, ಇನ್ನು ಹಿಂದಿರುಗುವ ದಾರಿಯೇ ಇಲ್ಲದಂತೆ, ಆರು ದಿಂಬುಗಳ ಬೆನ್ನಿಗೆ ತುಂಡಾಯಿತು. ಊಟಕ್ಕೆ ಯಾರೂ ಏಳಲಿಲ್ಲ. ಗುರುಬಸಪ್ಪ ನಿಂತೇ ರೊಟ್ಟಿ ತಿಂದ. ಎರಡು ಗಂಟೆಗೆ ಹೊಲಿಗೆಯಂತ್ರದ ಗರ್ಜನೆ ನಿಂತಿತು. ದಾಕ್ಷಾಯಣಿ ವಿಜಯಧ್ವಜವನ್ನೆಂಬಂತೆ ಪಡದೆಯನ್ನು ಎತ್ತಿ ಹಿಡಿದಳು. ಸರಳಿಗೆ ಹಿಡಿದು ನೋಡಿದರೆ ಅದರ ಕೆಳತುದಿ ಕಟ್ಟೆಗೆ ಹಗುರವಾಗಿ ಮುತ್ತಿಟ್ಟಿತು. ರಸ್ತೆ ಮಾಯವಾಯಿತು.

ಬಸಲಿಂಗವ್ವ ಹಸಿರಾಗಿ ಹೋದ ಆ ಕಿಟಕಿಯನ್ನು ತುಸು ಹೊತ್ತು ನೋಡಿದಳು. ಆಚೆ ಕಿಕ್ಕಿನ ಸದ್ದು ಕೇಳಿಸಿತು. ಸ್ಕೂಟರಾಗಲಿ ಕಂಡಕ್ಟರಾಗಲಿ ಕಾಣಿಸಲಿಲ್ಲ. ಅವಳು ಶೇಂಗಾದ ಮೊರವನ್ನು ಕೆಳಗಿಟ್ಟಳು.

"ಚಂದ ಆಗೇತವಾ" ಎಂದಳು. "ಆದ್ರ ಪೆಟ್ಟಿಗ್ಯಾಗಿನ ಅರಿವಿ ನೀರು ಕಾಣದ ಗ್ವಾಡಿ ಏರಬಾರದು. ನಮ್ಮ ಮನ್ಯಾಗ ಹಿಂದಿನಿಂದ ನಡದು ಬಂದದ್ದು. ರುಮಾಲೂ ಒಗದ ಹಾಸೀಯಲ್ಲ?"

"ಈಗೇನ್ರಿ ಅತ್ತೀ? ಐದಕ್ಕ ಮಂದಿ ಬರತಾರ!"

"ಈ ಬಿಸಲಿಗೆ ಮಾಳಗಿ ಮ್ಯಾಲೆ ಒಂದು ತಾಸಿನ್ಯಾಗ ಒಣಗತೈತಿ. ಇಲ್ಲಂದ್ರ ಬಿಡು, ನಿನ್ನ ಮರ್ಜಿ. ಡಾಂಬರ ಗುಳಿಗಿ ವಾಸನಿ ನನಗೇನ್ ರೂಢಿ ಐತಿ. ಆ ಕಮಲಾಕ್ಷಿ ಮೂಗು ಮಾತ್ರ ಭಾಳ ಚುರುಕು."

ಅಸ್ತ್ರ ನಾಟಿತು. ದಾಕ್ಷಾಯಣಿ ಪಡದೆಯನ್ನು ಮೂಸಿದಳು. ದವಾಖಾನೆ ಎಂಬ ಶಬ್ದ ಅವಳ ಕಿವಿಯಲ್ಲಿ ಮೊಳಗಿತು. ಅವಳು ಬಚ್ಚಲಿನತ್ತ ದಾಪುಗಾಲಿಟ್ಟಳು.

ಹಿಂದಿನಿಂದ ಬಸಲಿಂಗವ್ವ ಕೂಗಿ ಹೇಳಿದಳು. "ಬಿಸಿನೀರು ತಗೋ! ಒಂದು ಮುಷ್ಟಿ ಉಪ್ಪು ಹಾಕು, ಬಣ್ಣ ಬಿಡೂದಿಲ್ಲ!"

ಬಣ್ಣ ಬಿಡಲಿಲ್ಲ.

ಸಂಜೆ ನಾಲ್ಕೂವರೆಗೆ, ಮಾಳಿಗೆಯ ಬಿಸಿಲಲ್ಲಿ ಕಾದ ಪಡದೆಗಳನ್ನು ಗುರುಬಸಪ್ಪ ಸ್ಟೂಲ್ ಹತ್ತಿ ಸರಳಿಗೆ ಪೋಣಿಸಿದ. ಇಳಿದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಪಡದೆ ಕಟ್ಟೆಗೆ ಮುಟ್ಟಿರಲಿಲ್ಲ. ನೂಲಿನ ಒಡಲು ಮೇಲಕ್ಕೆ ಸರಿದಿತ್ತು. ರೇಷ್ಮೆಯ ಅಂಚುಗಳು ಮಾತ್ರ ಕುಗ್ಗಲೊಪ್ಪದೆ, ಸೋತ ರಾಜನ ಹಟಮಾರಿ ಮಂತ್ರಿಗಳಂತೆ, ಎರಡೂ ಬದಿಗೆ ಅಲೆಅಲೆಯಾಗಿ ಸುಕ್ಕುಗಟ್ಟಿ ನಿಂತಿದ್ದವು.

"ಮಡಿಕಿ ಬಿಚ್ಚೋಣೇನ್ರಿ?" ಎಂದಳು ದಾಕ್ಷಾಯಣಿ.

"ಬಿಚ್ಚಿದ್ರ ಎರಡು ಸೆಂಟಿಮೀಟರ್ ಬರತೈತಿ" ಎಂದ ಗುರುಬಸಪ್ಪ. ಆಮೇಲೆ ನಿಧಾನವಾಗಿ ತಾಯಿಯತ್ತ ತಿರುಗಿದ. "ಯವ್ವಾ, ಈ ಸೀರಿ ನೀ ಎಷ್ಟು ಸಲ ಉಟ್ಟಿದ್ದಿ?"

"ಉಟ್ಟ ಇಲ್ಲೋ."

"ಒಂದು ಸಲಾನೂ ಇಲ್ಲ?"

"ಘಳಿಗಿನ ಮುರದಿಲ್ಲ, ನೀರಿಗೂ ಹಾಕಿಲ್ಲ. ನಮ್ಮಣ್ಣ ಪಂಚಮಿಗೆ ಇದನ್ನ ನನಗ ತಂದಾವ, ಇದ ಬಣ್ಣ, ಇದ ಅಂಚಿಂದು ತನ್ನ ಹೆಂಡತಿಗೂ ತಂದಿದ್ದ. ಇಬ್ಬರೂ ಉಟ್ಟಕೊಂಡು ಬ್ಯಾಂಡ್ ಬಾರಿಸವ್ರಂಗ ಅಡ್ಡಾಡೂದೇನು? ಪೆಟ್ಟಿಗ್ಯಾಗ ಇಟ್ಟೆ."

"ಮತ್ತ ಮುಂಜಾನೆ ಹೇಳಬಾರದಿತ್ತೇನವಾ?"

"ನೀ ಹೇಳಾಕ ಹತ್ತಿದ್ದೆಪ್ಪಾ. ಕೇಳಿದ್ದೇನು?"

ಇದು ಯುದ್ಧತಂತ್ರವೋ, ಮನೆಯ ಪದ್ಧತಿಯೋ, ಎರಡೂ ಒಂದೇ ವೇಳೆಗೆ ಕೂಡಿಬಂದುದೋ ಎಂಬುದನ್ನು ನಿರ್ಧರಿಸಲು ಈ ಗಾಥೆಯನ್ನು ಹಾಡುವವನ ಬಳಿ ಸಾಕಷ್ಟು ಆಧಾರವಿಲ್ಲ. ಕಂಡದ್ದನ್ನಷ್ಟೇ ಹೇಳಬಹುದು. ಬಸಲಿಂಗವ್ವ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಕುಳಿತಳು. ವಯಸ್ಸಿಗೆ ಬಾಗಿದ ಅವಳ ಬೆನ್ನು, ಆ ಕುರ್ಚಿಯ ಎತ್ತರ, ಕಿಟಕಿಯ ಕಟ್ಟೆ, ಎಲ್ಲ ಸೇರಿ ಅವಳ ಕಣ್ಣು ಸರಿಯಾಗಿ ಆ ಸಂದಿಗೆ ಬಂತು. ಸೋಫಾದ ಮೇಲೆ ನೆರಳಿತ್ತು.

"ಇವತ್ತೂ ಚಾಲೂ ಆಗಲಿಲ್ಲ ನೋಡು" ಎಂದಳು, ಯಾರಿಗೆ ಎಂದಿಲ್ಲದೆ. "ದೂಡಕೋತ ಹೊಂಟ."

ಗೇಟಿನ ಸದ್ದಾಯಿತು. ಮಹಿಳಾ ಮಂಡಳ ಪ್ರವೇಶಿಸಿತು. ಕಮಲಾಕ್ಷಿ ಅಕ್ಕಾರು ಹೊಸ್ತಿಲಲ್ಲೇ ನಿಂತರು. ದಿಂಬುಗಳನ್ನು ನೋಡಿದರು. ರುಮಾಲು ನೋಡಿದರು. ಕಿಟಕಿಯ ಬಳಿ ಅವರ ದೃಷ್ಟಿ ನಿಂತಿತು. ದಾಕ್ಷಾಯಣಿ ಉಸಿರು ಬಿಗಿಹಿಡಿದಳು. ವಜ್ರಾಯುಧ ಬೀಳುವ ಮುನ್ನಿನ ಪರ್ವತ ಹಾಗೆ ನಿಂತಿರಬೇಕು.

"ಅಯ್ಯ, ಅಂಚಿಗೆ ಝಾಲರಿ ಭಾರಿ ಕೂಡಿಸೀರಿ" ಎಂದರು ಕಮಲಾಕ್ಷಿ. "ಕೆಳಗ ಯಾಕ ಬಿಟ್ಟೀರಿ?"

ದಾಕ್ಷಾಯಣಿ ಅತ್ತೆಯನ್ನು ನೋಡಿದಳು. ಅತ್ತೆ ರಸ್ತೆಯನ್ನು ನೋಡುತ್ತಿದ್ದಳು.

"ಬೇಕಂತನ ಬಿಟ್ಟೀನ್ರಿ ಅಕ್ಕಾರ" ಎಂದಳು ದಾಕ್ಷಾಯಣಿ. "ನಮ್ಮ ಅತ್ತಿ ಕುಂದ್ರೂ ಜಾಗಾ ಅದು. ಅವರಿಗೆ ರಸ್ತಾ ಕಾಣಬೇಕಲ್ರಿ."

ಪಡಸಾಲೆಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಇಂಥ ಸೊಸೆ ಯಾರ ಮನೆಯಲ್ಲಿದ್ದಾಳೆ ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿದರು. ಬಸಲಿಂಗವ್ವ ತಿರುಗಲಿಲ್ಲ, ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ, ಸೊಸೆಯ ಸೆರಗಿನ ತುದಿ ಹಿಡಿದು ಒಮ್ಮೆ ಮೆಲ್ಲಗೆ ಜಗ್ಗಿ ಬಿಟ್ಟಳು.

"ನನಗೂ ಹಿಂಗ ಮಾಡಸಬೇಕಾಗೇತಿ" ಎಂದರು ಕಮಲಾಕ್ಷಿ ಅಕ್ಕಾರು, ಆಮೇಲೆ ಬಂದ ಚಹಾದ ಕಪ್ಪನ್ನು ಕೆಳಗಿಟ್ಟು. "ಎಷ್ಟು ಬಿಡಬೇಕ್ರಿ? ಅಳತಿ ಹೇಳ್ರಿ."

ಬಸಲಿಂಗವ್ವ ಹೆಬ್ಬೆರಳನ್ನು ಕಟ್ಟೆಯ ಮೇಲೂರಿ ತೋರುಬೆರಳನ್ನು ಚಾಚಿದಳು. ಅದರ ತುದಿ ಪಡದೆಯ ಮಡಿಕೆಗೆ ತಾಗಿತು. ಗುರುಬಸಪ್ಪ ಆ ಬೆರಳುಗಳ ಪಕ್ಕಕ್ಕೆ ಟೇಪು ಹಿಡಿದು, ಬಗ್ಗಿ, ಓದಿದ.

ಹದಿನಾಲ್ಕು ಸೆಂಟಿಮೀಟರ್.