ನಿಧಾನಿಯ ರೇಸು ಬೈಕು

ರೇಸು ಬೈಕಿನ ಹಿಂದಿನ ಸ್ಪ್ರಿಂಗನ್ನು ಸವಾರನ ತೂಕಕ್ಕೆ ಹೊಂದಿಸಬೇಕಾದರೆ ಮೂರು ಜನ ಬೇಕು. ಒಬ್ಬ ಪೂರ್ತಿ ಉಡುಪು ತೊಟ್ಟು ಸೀಟಿನ ಮೇಲೆ ಕೂರಬೇಕು, ಒಬ್ಬ ಬೈಕು ವಾಲದಂತೆ ಹಿಡಿಯಬೇಕು, ಇನ್ನೊಬ್ಬ ಹಿಂದೆ ಕುಕ್ಕರಗಾಲಲ್ಲಿ ಕೂತು ಬೈಕು ಎಷ್ಟು ಕುಸಿಯಿತೆಂದು ಟೇಪಿನಲ್ಲಿ ನೋಡಬೇಕು. ನಿಧಾನಿ ನಾಲ್ಕು ವರ್ಷ ಆ ಬೈಕನ್ನು ಒಬ್ಬನೇ ಕೂತು ಕಟ್ಟಿದ್ದ. ಈ ಒಂದು ಅಳತೆಗೆ ಮಾತ್ರ ಇಬ್ಬರನ್ನು ಕರೆಯಬೇಕಾಯಿತು. ಬಂದವರು ಮೂವರು. ತೊಂದರೆ ಶುರುವಾದದ್ದೇ ಅಲ್ಲಿಂದ.

ನಿಧಾನಿ ಎಂಬುದು ಗ್ಯಾರೇಜಿನವರು ಇಟ್ಟ ಹೆಸರು. ಅವನು ನಗರಸಭೆಯ ಶವವಾಹನದ ಚಾಲಕ. ಇಪ್ಪತ್ತೆರಡು ವರ್ಷಗಳಲ್ಲಿ ಎರಡನೇ ಗೇರು ದಾಟಿದವನಲ್ಲ. ಗಾಡಿಯಲ್ಲಿ ಮಲಗಿದವರಿಗೆ ಅವಸರವಿರುವುದಿಲ್ಲ, ಹಿಂದೆ ನಡೆದು ಬರುವವರಿಗೂ ಇರುವುದಿಲ್ಲ, ತಲುಪಬೇಕಾದ ಜಾಗವಂತೂ ಎಲ್ಲಿಗೂ ಓಡಿಹೋಗುವುದಿಲ್ಲ. ಹೀಗೆ ದಿನಕ್ಕೆರಡು, ಕೆಲವು ದಿನ ಮೂರು ಜನರನ್ನು ಕೊನೆಯ ದಾರಿಗೆ ಮುಟ್ಟಿಸಿ ಮುಟ್ಟಿಸಿ ಅವನ ಮನಸ್ಸಿನಲ್ಲಿ ಒಂದು ಹುಳು ಹೊಕ್ಕಿತ್ತು. ತಾನೂ ಒಂದು ದಿನ ಇದೇ ವೇಗದಲ್ಲಿ ಹೋಗುವವನೇ. ಅದಕ್ಕೆ ಮುಂಚೆ ಒಂದೇ ಒಂದು ಸಲ ಜೋರಾಗಿ ಹೋಗಬೇಕು. ಗೆಲ್ಲುವ ಆಸೆಯೇನೂ ಇರಲಿಲ್ಲ. ನಲವತ್ತು ಬೈಕುಗಳು ಸಾಲಾಗಿ ನಿಂತ ಗೆರೆಯಲ್ಲಿ ತನ್ನದೂ ಒಂದು ನಿಂತು, ಹೊರಡಲು ಸೂಚಿಸುವ ಕೆಂಪು ದೀಪ ಆರಿದ ಕೂಡಲೇ ತಾನೂ ಹಿಡಿಕೆ ತಿರುವಬೇಕು, ಅಷ್ಟೆ.

ಈ ವರ್ಷ ಬಿಟ್ಟರೆ ಅದೂ ಇಲ್ಲ. ರೇಸಿನ ಪರವಾನಗಿಗೆ ಸಹಿ ಹಾಕುವ ಡಾಕ್ಟರು ಅವನ ಎಡಗಣ್ಣಿಗೆ ಬೆಳಕು ಬಿಟ್ಟು ನೋಡಿ, ಪೊರೆ ಬೆಳೆಯುತ್ತಿದೆ, ಈ ಸಲ ಹಾಕಿಕೊಡುತ್ತೇನೆ, ಮುಂದಿನ ವರ್ಷ ನನ್ನ ಬಾಗಿಲಿಗೆ ಬರಬೇಡ ಎಂದು ಹೇಳಿಬಿಟ್ಟಿದ್ದರು. ಹೆಂಡತಿಯದು ಹೊಲಿಗೆ ಕೆಲಸ. ಬೈಕು ಕಟ್ಟಲು ಶುರುಮಾಡಿದ ದಿನವೇ ಅವಳು ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ ಹೇಳಿದ್ದಳು. “ನೀವು ಜನಾನ ಕರ್ಕೊಂಡು ಹೋಗೋ ಕೆಲಸದಲ್ಲಿರೋರು. ನಿಮ್ಮನ್ನ ಇನ್ಯಾರೋ ಕರ್ಕೊಂಡು ಹೋಗೋ ಹಾಗೆ ಮಾಡ್ಕೋಬೇಡಿ.” ಆಮೇಲೆ ಆ ವಿಷಯ ಎತ್ತಲಿಲ್ಲ. ಅವಳ ಮೌನ ಹೊಸ ಬೂಟಿನಂತೆ ನಾಲ್ಕು ವರ್ಷ ಅವನನ್ನು ಕಚ್ಚುತ್ತಲೇ ಇತ್ತು.

ಭಾನುವಾರ ಬೆಳಗ್ಗೆ ಟ್ರ್ಯಾಕಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೈಕು ಇಳಿಯಿತು. ಮೋಡ ಕವಿದ ದಿನ. ಇಡೀ ಬಯಲು ತೊಳೆಯದ ಪಾತ್ರೆಯ ಬಣ್ಣಕ್ಕೆ ತಿರುಗಿತ್ತು. ದಿನದಲ್ಲಿ ಮೂರು ಪರೀಕ್ಷೆ. ಮೂರರಲ್ಲಿ ಯಾವುದಾದರೂ ಒಂದರಲ್ಲಿ ಇಡೀ ಟ್ರ್ಯಾಕನ್ನು ಒಂದು ನಿಮಿಷ ಮೂವತ್ತು ಸೆಕೆಂಡಿನೊಳಗೆ ಸುತ್ತಿದವರಿಗೆ ಮಾತ್ರ ಸಂಜೆಯ ರೇಸಿನಲ್ಲಿ ಜಾಗ. ನಿಧಾನಿ ತನ್ನ ನೋಟುಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದ. ಮುಂದಿನ ಟೈರಿಗೆ ಇಷ್ಟು ಗಾಳಿ, ಹಿಂದಿನದಕ್ಕೆ ಇಷ್ಟು, ಚೈನಿನ ಚಕ್ರಕ್ಕೆ ನಲವತ್ತೆರಡು ಹಲ್ಲು, ಕೂತಾಗ ಹಿಂಭಾಗ ಕುಸಿಯಬೇಕಾದದ್ದು ಮೂವತ್ತೆರಡು ಮಿಲಿಮೀಟರು. ಕೆಳಗೆ ಅಡ್ಡಗೆರೆ ಎಳೆದು ದಪ್ಪಕ್ಷರದಲ್ಲಿ ಬರೆದಿದ್ದ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಬೈಕು ಹಿಡಿಯಲು ಬಂದವನು ರೋಡ್ ರೋಲರಿನ ಚಾಲಕ. ಅವನು ಹಿಡಿದರೆ ಬೈಕಲ್ಲ, ಗೋಡೆಯೂ ಅಲುಗಾಡದು. ಟೇಪು ನೋಡಲು ಬಂದವನು ಹೆಂಡತಿಯ ತಮ್ಮ. ಅವನದು ಹಾಸಿಗೆ ಅಂಗಡಿ. ಕರೆಯದೆ ಬಂದವನು ಅಗ್ನಿಶಾಮಕ ಗಾಡಿಯ ಚಾಲಕ. ಅವನಿಗೆ ಯಾರೂ ಕರೆಯದಿದ್ದರೂ ಎಲ್ಲಿಗಾದರೂ ಧಾವಿಸುವ ಚಾಳಿ.

ನಿಧಾನಿ ಚರ್ಮದ ಉಡುಪು ತೊಟ್ಟು, ಹೆಲ್ಮೆಟ್ಟು ಹಾಕಿ ಕೂತ. ಬಾಮೈದ ಟೇಪು ಹಿಡಿದು ಮೂವತ್ತೆರಡು ಎಂದು ಓದಬೇಕಾದ ಕಡೆ ನಲವತ್ತೊಂದು ಎಂದು ಓದಿದ. ಟೇಪನ್ನು ಮಡ್‌ಗಾರ್ಡಿನ ತುದಿಗೆ ಹಿಡಿಯುವ ಬದಲು ನಂಬರ್ ಫಲಕದ ತುದಿಗೆ ಹಿಡಿದಿದ್ದ. ಹೆಲ್ಮೆಟ್ಟಿನೊಳಗಿದ್ದ ನಿಧಾನಿಗೆ ಅದು ಕಾಣಲಿಲ್ಲ. ಇನ್ನೊಮ್ಮೆ ನೋಡು ಎಂದು ಹೇಳುವಷ್ಟರಲ್ಲಿ ಮೈಕಿನಲ್ಲಿ ಅವನ ನಂಬರು ಕೂಗಿ ಕಾಗದ ತೋರಿಸಲು ಕರೆದರು. ಅವನು ಇಳಿದು ಹೋದ.

ಅವನು ಹಿಂತಿರುಗುವಷ್ಟರಲ್ಲಿ ಬಾಮೈದ ಸ್ಪ್ರಿಂಗಿನ ಉಂಗುರವನ್ನು ಮೂರು ಸುತ್ತು ಬಿಗಿ ಮಾಡಿ ಕೈ ಒರೆಸಿಕೊಳ್ಳುತ್ತಿದ್ದ. ಸ್ಪ್ರಿಂಗಿನ ವಿಷಯದಲ್ಲಿ ತನಗೆ ಹದಿನೈದು ವರ್ಷದ ಅನುಭವವಿದೆ, ಮೆತ್ತಗಿನದ್ದನ್ನು ಕೊಂಡುಹೋದವರೆಲ್ಲ ಆರು ತಿಂಗಳಿಗೆ ಸೊಂಟ ಹಿಡಿದುಕೊಂಡು ವಾಪಸ್ಸು ಬರುತ್ತಾರೆ ಎಂದ. ನಿಧಾನಿಗೆ ಇದು ಮಲಗುವ ವಸ್ತುವಲ್ಲ ಎಂದು ಹೇಳಬೇಕೆನಿಸಿತು. ಆದರೆ ಎದುರಾಡಿ ಅಭ್ಯಾಸವಿಲ್ಲದ ನಾಲಿಗೆ. ಅವನ ಕೆಲಸದಲ್ಲಿ ಜೊತೆಗೆ ಬರುವವರೆಲ್ಲ ದುಃಖದಲ್ಲಿರುವವರು. ಅವರು ಏನಂದರೂ ಹೂಂಗುಟ್ಟಿಯೇ ರೂಢಿ. ಹೂಂ ಎಂದ. ಮತ್ತೆ ತಿರುಗಿಸಲು ಹೊತ್ತೂ ಇರಲಿಲ್ಲ.

ಮೊದಲ ಪರೀಕ್ಷೆಯಲ್ಲಿ ಬೈಕು ಅವನನ್ನು ಕಾದ ಹಂಚಿನ ಮೇಲಿನ ಜೋಳದ ಕಾಳಿನಂತೆ ಸಿಡಿಸಿತು. ರಸ್ತೆಯಲ್ಲಿ ಕಣ್ಣಿಗೆ ಕಾಣದ ಉಬ್ಬುಗಳೆಲ್ಲ ಕುಂಡೆಗೆ ಕಂಡವು. ಮೂರನೇ ತಿರುವಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟಿತು, ಅವನು ಸೀಟು ಬಿಟ್ಟ, ಇಬ್ಬರೂ ಬೇರೆ ಬೇರೆ ಹೊತ್ತಿಗೆ ಕೆಳಗೆ ಬಂದರು. ಎರಡೇ ಸುತ್ತಿಗೆ ಶೆಡ್ಡಿಗೆ ವಾಪಸ್ಸಾದ.

ಈಗ ರೋಲರಿನವನ ಸರದಿ. ಅವನು ಬೈಕಿನ ಸುತ್ತ ಎರಡು ಸಲ ನಡೆದು, ಗಾಡಿ ನೆಲ ಹಿಡಿಯುತ್ತಿಲ್ಲ, ಹಿಡಿಯಬೇಕಾದರೆ ಚಕ್ರ ಅಗಲವಾಗಬೇಕು ಎಂದು ತೀರ್ಪು ಕೊಟ್ಟ. ತನ್ನ ರೋಲರು ಇಪ್ಪತ್ತು ವರ್ಷದಲ್ಲಿ ಒಂದು ಸಲವಾದರೂ ಜಾರಿದ್ದುಂಟೇ ಎಂದು ಕೇಳಿದ. ಎರಡೂ ಟೈರುಗಳಿಂದ ಧಾರಾಳವಾಗಿ ಗಾಳಿ ಬಿಟ್ಟ. ಅತ್ತ ಅಗ್ನಿಶಾಮಕದವನು ಪಕ್ಕದ ಶೆಡ್ಡಿನಿಂದ ಐವತ್ತು ಹಲ್ಲಿನ ಚಕ್ರವೊಂದನ್ನು ಎರವಲು ತಂದು ಚೈನು ಬಿಚ್ಚಿಯಾಗಿತ್ತು. ಹೊರಡುವಾಗಿನ ಜೋರೇ ಜೋರು, ಆಮೇಲಿನದ್ದೆಲ್ಲ ದೇವರ ಕೈಲಿ ಎಂಬುದು ಅವನ ವಾದ. ಬಾಮೈದ ಉಂಗುರವನ್ನು ಹಿಂದಕ್ಕೆ ತಿರುಗಿಸುವುದಾಗಿ ಒಪ್ಪಿ, ತಪ್ಪು ತಿದ್ದಿಕೊಳ್ಳುವ ಹುರುಪಿನಲ್ಲಿ ಮೂರರ ಬದಲು ಆರು ಸುತ್ತು ಸಡಿಲಿಸಿದ. ಎತ್ತು ಏರಿಗೆ, ಕೋಣ ನೀರಿಗೆ, ನಡುವೆ ನೊಗದಂತೆ ನಿಧಾನಿ. ನೋಟುಪುಸ್ತಕ ತೋರಿಸಲು ಹೋದ. ಅಗ್ನಿಶಾಮಕದವನು ಅದನ್ನು ಇಸಕೊಂಡು ಚೈನಿಗೆ ಮೆತ್ತಿದ ಗ್ರೀಸು ಒರೆಸಲು ಹಾಳೆ ಹುಡುಕತೊಡಗಿದ. ನಿಧಾನಿ ಅದನ್ನು ಕಿತ್ತುಕೊಂಡು ಉಡುಪಿನ ಎದೆಯೊಳಗೆ ಇಟ್ಟುಕೊಂಡ.

ಎರಡನೇ ಪರೀಕ್ಷೆಯಲ್ಲಿ ಬೈಕು ಕುಡಿದ ಒಂಟೆಯಂತೆ ತೂಗಾಡಿತು. ನೇರ ದಾರಿಯ ಅರ್ಧಕ್ಕೇ ಇಂಜಿನ್ನು ಸೈರನ್ನಿನಂತೆ ಕಿರುಚಿ, ಇನ್ನು ಹತ್ತಲಾರೆ ಎಂದಿತು. ಬೈಕುಗಳೆಲ್ಲ ಅವನನ್ನು ದಾಟಿದವು, ಕೆಲವು ಎರಡೆರಡು ಸಲ. ಒಬ್ಬ ಸವಾರ ದಾಟುವಾಗ ಕೈ ಎತ್ತಿ ಏನೋ ಸನ್ನೆ ಮಾಡಿದ. ನಿಧಾನಿಗೆ ಅದು ನಮಸ್ಕಾರವಾಗಿ ಕಂಡಿತು. ಆಮೇಲೆ ಗೊತ್ತಾಯಿತು, ಪಕ್ಕಕ್ಕೆ ಸರಿ ಎಂದದ್ದು.

ಶೆಡ್ಡಿಗೆ ಬಂದು ಹೆಲ್ಮೆಟ್ಟು ತೆಗೆದಾಗ ಅವನ ಮುಖ ನೋಡಿ ಮೂವರೂ ಮೂರು ಸ್ಪ್ಯಾನರು ಹಿಡಿದು ಮುಂದೆ ಬಂದರು. ಆಗ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ನಿಧಾನಿ ಒಂದು ಎದುರುಮಾತಾಡಿದ. ಸ್ವರ ಏರಿಸಲಿಲ್ಲ.

“ಇನ್ನು ಯಾರೂ ಮುಟ್ಟಬೇಡಿ.”

ಮೂವರೂ ಸ್ಪ್ಯಾನರು ಕೆಳಗಿಟ್ಟರು. ಬಾಮೈದನ ಕಣ್ಣಂಚಿನಲ್ಲಿ ನೀರಾಡಿತು. ಒಳ್ಳೆಯದಕ್ಕೆ ಕಾಲವಿಲ್ಲ ಎಂದು ರೋಲರಿನವನು ತಗಡಿನ ಗೋಡೆಗೆ ಹೇಳಿದ. ನಿಧಾನಿ ನೆಲದ ಮೇಲೆ ಕೂತು, ಬೈಕನ್ನು ನೋಡುತ್ತ, ಮನೆಗೆ ಹೋಗಿಬಿಡೋಣವೆಂದುಕೊಂಡ. ನಾಲ್ಕು ವರ್ಷದ ಕೆಲಸ ಬೆಳಗಿನಿಂದ ಮಧ್ಯಾಹ್ನದೊಳಗೆ ಮಣ್ಣುಪಾಲಾಗಿತ್ತು. ಬೇರೆಯವರ ಶೆಡ್ಡುಗಳಲ್ಲಿ ಗಂಡಸರು ನಗುತ್ತಿದ್ದರು. ತನ್ನ ಬಗ್ಗೆಯೇ ಇರಬೇಕೆನಿಸಿತು.

ಅಷ್ಟರಲ್ಲಿ ಊಟದ ಬುತ್ತಿ ಹಿಡಿದು ಹೆಂಡತಿ ಬಂದಳು. ಬರುತ್ತೇನೆಂದು ಹೇಳಿರಲಿಲ್ಲ. ಬಂದವಳು ಮೂವರ ಮುಖ ನೋಡಿದಳು, ಬೈಕು ನೋಡಿದಳು, ನೆಲದಲ್ಲಿ ಕೂತ ಗಂಡನನ್ನು ನೋಡಿದಳು. ಏನಾಯಿತೆಂದು ಕೇಳಿ ತಿಳಿದುಕೊಂಡಳು. ಬುತ್ತಿ ಕೆಳಗಿಟ್ಟು ಕೈಚೀಲದಿಂದ ತನ್ನ ಹೊಲಿಗೆಯ ಟೇಪು ತೆಗೆದಳು.

“ರವಿಕೆ ಬಿಗಿ ಆಯ್ತು ಅಂತ ತಂದ್ರೆ ನಾನು ಒಂದೇ ಕಡೆ ಬಿಚ್ಚಿ, ತೊಡಿಸಿ ನೋಡ್ತೀನಿ. ತೋಳು, ಸೊಂಟ, ಕುತ್ತಿಗೆ ಎಲ್ಲಾ ಒಟ್ಟಿಗೆ ಬಿಚ್ಚಿದ್ರೆ ಅದು ಬಟ್ಟೆ ತುಂಡು ಅಷ್ಟೆ, ರವಿಕೆಯಲ್ಲ. ಹತ್ತಿ ಕೂತ್ಕೊಳ್ಳಿ.”

ನಿಧಾನಿ ಎದೆಯಿಂದ ನೋಟುಪುಸ್ತಕ ತೆಗೆದ. ಪುಟದಲ್ಲಿದ್ದಂತೆ ನಲವತ್ತೆರಡು ಹಲ್ಲಿನ ಚಕ್ರ ವಾಪಸ್ಸು ಹಾಕಿದ, ಗಾಳಿ ತುಂಬಿದ, ಉಂಗುರವನ್ನು ಅಂದಾಜಿನ ಮೇಲೆ ಮೊದಲಿನ ಜಾಗಕ್ಕೆ ತಂದ. ರೋಲರಿನವನು ಬೈಕು ಹಿಡಿದ. ಅವಳು ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಟೇಪು ಹಿಡಿದಳು. ಮೊದಲು ಮೂವತ್ತಾರು ಎಂದಳು. ಅವನು ಇಳಿದು ಕಾಲು ಸುತ್ತು ಬಿಗಿ ಮಾಡಿದ. ಮೂವತ್ನಾಲ್ಕು. ಇನ್ನೂ ಕಾಲು ಸುತ್ತು. ಹೀಗೆ ಹತ್ತಿ ಇಳಿದು, ಹತ್ತಿ ಇಳಿದು, ಕೊನೆಗೆ ಅವಳು ಟೇಪಿನ ಮೇಲೆ ಉಗುರಿಟ್ಟು, “ಮೂವತ್ತೆರಡು. ಒಂದು ನೂಲೂ ಆಚೆಗಿಲ್ಲ” ಎಂದಳು. ನಿಧಾನಿಯ ಕಣ್ಣು ಮಂಜಾಯಿತು. ಪೊರೆ ಇದ್ದದ್ದು ಎಡಗಣ್ಣಿಗೆ, ಮಂಜಾದದ್ದು ಎರಡೂ.

ಮೂರನೇ ಪರೀಕ್ಷೆಯಲ್ಲಿ ಬೈಕು ಬೇರೆಯೇ ಪ್ರಾಣಿಯಾಗಿತ್ತು. ತಿರುವಿಗೆ ವಾಲಿಸಬೇಕೆಂದು ಅವನು ಯೋಚಿಸಿದರೆ ಸಾಕು, ಅದಾಗಲೇ ವಾಲಿರುತ್ತಿತ್ತು. ಉಬ್ಬುಗಳು ಚಾಪೆಯ ಕೆಳಗಿನ ಕಾಗದದಂತೆ ತಿಳಿದೂ ತಿಳಿಯದಂತೆ ದಾಟಿಹೋದವು. ನೇರ ದಾರಿಯಲ್ಲಿ ಗಾಳಿ ಅವನ ಎದೆಯನ್ನು ಎರಡೂ ಕೈಯಲ್ಲಿ ತಳ್ಳುವವರಂತೆ ತಳ್ಳಿತು. ಹೆಲ್ಮೆಟ್ಟಿನೊಳಗೆ ಯಾರೋ ದೊಡ್ಡದಾಗಿ ನಗುತ್ತಿದ್ದರು. ಯಾರೆಂದು ನೋಡಿದರೆ ತಾನೇ. ಭಾರವಿಳಿಸಿಕೊಂಡ ಗಾಡಿಯಂತೆ ಮೈ ಹಗುರಾಗಿತ್ತು. ರೇಸಿಗೆಂದು ಸ್ಪೀಡೋಮೀಟರು ಕಿತ್ತುಹಾಕಿದ್ದರಿಂದ ಎಷ್ಟು ವೇಗವೆಂದು ಅವನಿಗೆ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನಿಸಲಿಲ್ಲ. ಆರು ಸುತ್ತು. ಏಳನೆಯದಕ್ಕೆ ಬಾವುಟ ಬೀಸಿದರು.

ಅವನು ಶೆಡ್ಡಿಗೆ ಬಂದ. ಮೂವರೂ ಮುನಿಸು ಮರೆತು ಅವನ ಬೆನ್ನು ಚಪ್ಪರಿಸಿದರು. ಹಾರಿದೆ ನೀನು ಎಂದ ಅಗ್ನಿಶಾಮಕದವನು. ಹೆಂಡತಿ ನೀರಿನ ಬಾಟಲಿ ಕೊಟ್ಟಳು. ಕೊಡುವಾಗ ಅವಳ ಬೆರಳು ಅವನ ಬೆರಳನ್ನು ಒಂದು ಗಳಿಗೆ ಹೆಚ್ಚೇ ಹಿಡಿದಿತ್ತು.

ಅಷ್ಟರಲ್ಲಿ ಸಮಯ ಲೆಕ್ಕವಿಡುವ ಅಧಿಕಾರಿಣಿ ಒಂದು ಕಾಗದ ಹಿಡಿದು ಅವನನ್ನು ಹುಡುಕಿಕೊಂಡು ಬಂದಳು. ಕನ್ನಡಕದ ಹೆಂಗಸು, ಹೆಚ್ಚು ಮಾತಿಲ್ಲ. ಇದು ನೀವೇ ಓಡಿಸಿದ್ದೋ ಎಂದು ಕೇಳಿದಳು. ಹೌದೆಂದ. ಕಾಗದವನ್ನು ಅವನ ಮುಂದೆ ಹಿಡಿದಳು. ಆರು ಸುತ್ತಿನ ಆರು ಸಾಲು. ಒಂದು ನಿಮಿಷ ಮೂವತ್ನಾಲ್ಕು ಸೆಕೆಂಡು. ಒಂದು ನಿಮಿಷ ಮೂವತ್ನಾಲ್ಕು. ಮತ್ತೆ ಮೂವತ್ನಾಲ್ಕು. ಆರೂ ಅದೇ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೂ ಆಚೀಚೆ ಇರಲಿಲ್ಲ.

ನಿಧಾನಿ ಅದನ್ನು ಎರಡು ಸಲ ಓದಿದ. ಮೂವತ್ತಕ್ಕೆ ನಾಲ್ಕು ಹೆಚ್ಚು. ಹಾಗಾದರೆ ಜಾಗವಿಲ್ಲವೇ ಎಂದು ಕೇಳಿದ. ಸಾಲಿನಲ್ಲಿ ಇಲ್ಲ ಎಂದಳು ಅವಳು. ಅಗ್ನಿಶಾಮಕದವನು ಕೆಮ್ಮಿ ಬೇರೆ ಕಡೆ ನೋಡಿದ. ಅಷ್ಟು ಜೋರು, ಅಷ್ಟು ಗಾಳಿ, ಆ ನಗು, ಎಲ್ಲ ಸೇರಿ ಮೂವತ್ನಾಲ್ಕಾಗಿತ್ತು. ಜೀವಮಾನದಲ್ಲಿ ಅವನು ಹೋದ ಅತಿ ಹೆಚ್ಚಿನ ವೇಗ ಆ ಟ್ರ್ಯಾಕಿಗೆ ಸಾಲದೆ ಹೋಗಿತ್ತು.

“ನಾನು ಬಂದಿದ್ದು ಅದಕ್ಕಲ್ಲ” ಎಂದಳು ಅಧಿಕಾರಿಣಿ. “ಹದಿನೇಳು ವರ್ಷದಿಂದ ಸಮಯ ಬರೀತಿದೀನಿ. ಇಷ್ಟು ಸಮನಾಗಿ ಓಡಿಸೋರನ್ನ ನೋಡೇ ಇಲ್ಲ. ನಮ್ಮ ಮುಂದಾಳು ಸವಾರನ ಕಾಲು ಬೆಳಗ್ಗೆ ಉಳುಕಿಬಿಡ್ತು. ನೀವು ಬರ್ತೀರಾ?”

ಮುಂದಾಳು ಸವಾರನೆಂದರೆ ಯಾರೆಂದು ಅವಳೇ ಬಿಡಿಸಿ ಹೇಳಿದಳು. ರೇಸು ಶುರುವಾಗುವ ಮುಂಚೆ ನಲವತ್ತೂ ಬೈಕುಗಳು ಟೈರು ಬೆಚ್ಚಗಾಗಲೆಂದು ಸಾಲಾಗಿ ಒಂದು ಸುತ್ತು ಬರಬೇಕು. ಅವುಗಳ ಮುಂದೆ ಕಿತ್ತಳೆ ಅಂಗಿಯ ಒಬ್ಬ ಸವಾರ ಅರವತ್ತರ ವೇಗದಲ್ಲಿ ಹೋಗಬೇಕು. ಅವನನ್ನು ಯಾರೂ ದಾಟುವಂತಿಲ್ಲ. ಸುತ್ತು ಮುಗಿದಾಗ ಅವನು ಪಕ್ಕದ ದಾರಿಗೆ ಇಳಿದುಬಿಡಬೇಕು. ನನ್ನ ಬೈಕಿಗೆ ಮೀಟರಿಲ್ಲವಲ್ಲ ಎಂದ ನಿಧಾನಿ. ನಿಮಗೆ ಬೇಡ ಎಂದಳು.

ಸಂಜೆ ನಾಲ್ಕಕ್ಕೆ ನಿಧಾನಿ ಕಿತ್ತಳೆ ಅಂಗಿ ತೊಟ್ಟು ಹೊರಟ. ಹಿಂದೆ ಎರಡೆರಡು ಸಾಲಾಗಿ ನಲವತ್ತು ಬೈಕು. ಜನ ಎದ್ದು ನಿಂತರು. ಮೂವರು ಮೆಕ್ಯಾನಿಕರೂ ತಂತಿಬೇಲಿಗೆ ಆತು, ಎಲ್ಲರಿಗಿಂತ ಮುಂದೆ ಇರುವವನು ನಮ್ಮವನು ಎಂದು ಸಿಕ್ಕಸಿಕ್ಕವರಿಗೆ ಹೇಳಿದರು. ಬೈಕು ಬೆಣ್ಣೆಯಲ್ಲಿ ಚಾಕು ಇಳಿದಂತೆ ಸಾಗಿತು. ಅರವತ್ತಕ್ಕೆ ಅಷ್ಟೆಲ್ಲ ಹದ ಬೇಕಿರಲಿಲ್ಲ. ಬೆನ್ನ ಹಿಂದೆ ಇಂಜಿನ್ನುಗಳು ತಾಳ್ಮೆಗೆಟ್ಟು ಗುರುಗುಟ್ಟುತ್ತಿದ್ದವು. ಕೊನೆಯ ತಿರುವು ಕಂಡಾಗ ಅವನ ಬಲಗೈಯಲ್ಲಿ ಏನೋ ಮಿಸುಕಿತು. ಹಿಡಿಕೆ ಒಂದಿಷ್ಟು ತಿರುಗಿತು. ಮರುಕ್ಷಣವೇ ಸರಿಪಡಿಸಿಕೊಂಡು ಪಕ್ಕದ ದಾರಿಗೆ ಇಳಿದ. ಹಿಂದಿನವು ಗೆರೆಯಲ್ಲಿ ಸಾಲಾಗಿ ನಿಂತವು. ದೀಪ ಆರಿತು. ನಲವತ್ತು ಬೈಕುಗಳು ಒಂದೇ ಸಲಕ್ಕೆ ಸಿಡಿಲಿನಂತೆ ಹೋಗಿಬಿಟ್ಟವು. ಅವನ ಮೈಮೇಲೆ ಧೂಳು ಬಿತ್ತು.

ಅಧಿಕಾರಿಣಿ ಕಾಗದ ಹಿಡಿದು ಅವನ ಬಳಿಗೆ ನಡೆದು ಬಂದಳು. ಅವನು ಹೆಲ್ಮೆಟ್ಟು ತೆಗೆದ.

“ಚೆನ್ನಾಗಿತ್ತು” ಎಂದಳು. “ಕೊನೇ ತಿರುವಲ್ಲಿ ಮಾತ್ರ ಅರವತ್ನಾಲ್ಕಾಯ್ತು. ಐದೂವರೆಗೆ ಇನ್ನೊಂದು ರೇಸಿದೆ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೋಗಿ.”

ಆಗಲಿ ಎಂದ ನಿಧಾನಿ.