ಐದು ಒಲೆಯ ಒಂದೇ ಸಾರು

ಹಿಂದೂ ಅವಿಭಕ್ತ ಕುಟುಂಬ ಎಂಬುದು ಆದಾಯ ತೆರಿಗೆ ಕಾಯ್ದೆಯ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿ. ಸಿರುಗುಪ್ಪದಲ್ಲಿ ಅಂಥ ಒಬ್ಬ ವ್ಯಕ್ತಿಗೆ ಹನ್ನೊಂದು ತಲೆ, ಒಂದು ಅಕ್ಕಿ ಗಿರಣಿ ಮತ್ತು ಒಂದು ಅಡುಗೆಮನೆ ಇದ್ದವು. ಹೆಸರು, ದೊಡ್ಡಬಸಪ್ಪ ಮತ್ತು ಮಕ್ಕಳು.

ಎಪ್ಪತ್ತೆರಡನೆಯ ಇಸವಿಯಲ್ಲಿ ಈ ವ್ಯಕ್ತಿಗೆ ಲಾಭವಾಯಿತು. ತೊಂದರೆ ಶುರುವಾದದ್ದು ಅಲ್ಲಿಂದ. ವರ್ಷಕ್ಕೆ ಐದು ಸಾವಿರ ರೂಪಾಯಿಯ ತನಕ ದುಡಿದವನನ್ನು ಸರ್ಕಾರ ಆಗ ಮಾತಾಡಿಸುತ್ತಿರಲಿಲ್ಲ. ಅಲ್ಲಿಂದಾಚೆಗೆ ದರವು ಮೆಟ್ಟಿಲು ಮೆಟ್ಟಿಲಾಗಿ ಏರಿ, ತುತ್ತತುದಿಯಲ್ಲಿ ನೂರಕ್ಕೆ ತೊಂಬತ್ತೇಳು ಚಿಲ್ಲರೆ ತಾನು ತೆಗೆದುಕೊಂಡು, ಉಳಿದ ಎರಡು ಚಿಲ್ಲರೆಯನ್ನು ದುಡಿಯುವವನ ಉತ್ಸಾಹಕ್ಕೆಂದು ಬಿಡುತ್ತಿತ್ತು. ದೊಡ್ಡಬಸಪ್ಪನವರು ತುದಿಯಿಂದ ಇನ್ನೂ ದೂರದಲ್ಲಿದ್ದರು. ಆದರೂ ಮುಂಜಾಗ್ರತೆಯಾಗಿ ಬಳ್ಳಾರಿಯ ಬಸ್ಸು ಹತ್ತಿದರು.

ಕೌಲ್ ಬಜಾರಿನ ಒಂದು ಸೈಕಲ್ ಅಂಗಡಿಯ ಮಾಳಿಗೆಯ ಮೇಲೆ ವಿರೂಪಾಕ್ಷಪ್ಪ ಎಂಬ ತೆರಿಗೆ ವಕೀಲರು ಕೂರುತ್ತಿದ್ದರು. ಒಬ್ಬ ವ್ಯಕ್ತಿಯನ್ನು ಐದು ವ್ಯಕ್ತಿ ಮಾಡಿದರೆ ವಿನಾಯಿತಿಯೂ ಐದು ಸಲ ಸಿಗುತ್ತದೆ, ಎಲ್ಲರೂ ಕೆಳಗಿನ ಮೆಟ್ಟಿಲಲ್ಲೇ ಆರಾಮವಾಗಿ ಕೂರಬಹುದು ಎಂದು ಅವರು ವಿವರಿಸಿದರು.

"ಅಂದ್ರ ಮನಿ ಒಡೀಬೇಕೇನ್ರಿ?" ಎಂದರು ದೊಡ್ಡಬಸಪ್ಪ.

"ಕಾಗದದಾಗ ಅಷ್ಟ, ಯಜಮಾನ್ರೇ. ಮನಸ್ಸಿನಾಗ ಎಲ್ಲಾರೂ ಕೂಡೇ ಇರ್ರಿ. ಮನಸ್ಸಿಗೆ ಇನ್ನಾ ಟ್ಯಾಕ್ಸ್ ಹಾಕಿಲ್ಲ."

ಪಾಲುಪತ್ರ ಸಿದ್ಧವಾಯಿತು. ಭತ್ತ ನೆನೆಸುವ ತೊಟ್ಟಿಗಳು ಯಜಮಾನರಿಗೆ, ಒಣಗಿಸುವ ಕಣ ಹಿರಿಯ ಮಗ ಕೊಟ್ಟೂರಪ್ಪನಿಗೆ, ಭತ್ತ ಕುಟ್ಟುವ ಯಂತ್ರ ನಡುವಿನವನಿಗೆ, ಗೋದಾಮು ಕಿರಿಯವನಿಗೆ. ಮಕ್ಕಳು ಪಾಲಾಗುವಾಗ ತಾಯಿಗೂ ಒಂದು ಪಾಲು ಹೋಗಬೇಕೆಂಬ ನಿಯಮವಿದ್ದುದರಿಂದ, ಮಿಕ್ಕಿದ್ದ ಮೋಟಾರು ಚನ್ನವೀರಮ್ಮನವರ ಹೆಸರಿಗೆ ಹೋಯಿತು. ಹೆಬ್ಬೆಟ್ಟು ಒತ್ತುವ ಮೊದಲು ಅವರು ಒಂದೇ ಮಾತು ಕೇಳಿದರು.

"ರಾತ್ರಿ ಮೂರೂ ಮಕ್ಕಳು ಒಂದ ಪಂಗ್ತಿಯಾಗ ಕುಂತು ಉಣ್ತಾವ. ನಾ ಬಡಸ್ತೀನಿ. ಅದಕ್ಕೇನು ಅಡ್ಡಿ ಇಲ್ಲಲ್ರಿ?"

ಅಡ್ಡಿಯಿಲ್ಲವೆಂದು ವಕೀಲರು ಹೇಳಿದರು. ಅವರು ಈ ಮನೆಗೆ ಕೊಟ್ಟ ಎರಡನೆಯ ತಪ್ಪು ಸಲಹೆ ಇದು. ಇದಕ್ಕೂ ಫೀಸು ತೆಗೆದುಕೊಂಡರು.

ತೆರಿಗೆ ಅಧಿಕಾರಿಗಳು ಪಾಲುಪತ್ರವನ್ನು ಓದಿ ಹಿಂದಿರುಗಿಸಿದರು. ಕಾಗದದ ಮೇಲಿನ ವಿಭಜನೆ ವಿಭಜನೆಯಲ್ಲ. ಆಸ್ತಿಯು ಕಣ್ಣಿಗೆ ಕಾಣುವಂತೆ, ಕೈಗೆ ತಾಗುವಂತೆ ಭಾಗವಾಗಿರತಕ್ಕದ್ದು ಎಂದು ಲಗತ್ತಿಸಿದ ಪತ್ರದಲ್ಲಿತ್ತು. ಹೀಗಾಗಿ ಗಿರಣಿಯೊಳಗೆ ಗೋಡೆಗಳೆದ್ದವು. ಮೋಟಾರಿನ ಬೆಲ್ಟು ಹಾಯಲು ಗೋಡೆಯಲ್ಲಿ ಒಂದು ಕಿಂಡಿ ಬಿಡಲಾಯಿತು. ಅಧಿಕಾರಿಗಳು ಖುದ್ದಾಗಿ ಬಂದು ಆ ಕಿಂಡಿಗೆ ಕಣ್ಣಿಟ್ಟು ನೋಡಿ, ಬೆಲ್ಟಲ್ಲದೆ ಇದರಲ್ಲಿ ಬೇರೇನಾದರೂ ಹಾಯುತ್ತದೆಯೇ ಎಂದು ವಿಚಾರಿಸಿದರು. ಆಗೀಗ ಚಹಾ ಹಾಯುತ್ತದೆ ಎಂದು ಕೊಟ್ಟೂರಪ್ಪ ಸತ್ಯ ನುಡಿದ. ಚಹಾ ನಿಲ್ಲಿಸತಕ್ಕದ್ದೆಂದು ಸ್ಥಳದಲ್ಲೇ ಟಿಪ್ಪಣಿಯಾಯಿತು.

ಇನ್ನು ಮುಂದೆ ಭತ್ತವು ತೊಟ್ಟಿಯಿಂದ ಹೊರಬಿದ್ದು, ರಸ್ತೆಗಿಳಿದು, ಪಕ್ಕದ ಬಾಗಿಲಿನಿಂದ ಕಣಕ್ಕೆ ಹೋಗಿ, ಮತ್ತೆ ರಸ್ತೆಗಿಳಿದು ಯಂತ್ರಕ್ಕೆ, ಅಲ್ಲಿಂದ ಅಕ್ಕಿಯಾಗಿ ಗೋದಾಮಿಗೆ ಹೋಗತೊಡಗಿತು. ಬಾಗಿಲಿಗೊಂದು ರಸೀದಿ. ಕರೂರಿನಿಂದ ಭತ್ತ ತಂದ ಗಾಳೆಪ್ಪ ಎಂಬ ರೈತ, ಊರಿಂದ ಇಲ್ಲಿಗೆ ಒಂದು ಬಂಡಿ ಸಾಕಾಗಿತ್ತು, ಇಲ್ಲಿಂದ ಇಲ್ಲಿಗೇ ಮೂರು ಬಂಡಿ ಹಿಡಿಯಿತು ಎಂದು ಹೇಳಿ, ಬಾಡಿಗೆ ಕೊಟ್ಟು, ಅಕ್ಕಿ ಹೇರಿಕೊಂಡು ಹೋದ. ಮುಂದಿನ ಸುಗ್ಗಿಯ ಹೊತ್ತಿಗೆ ಎಲ್ಲ ಗಿರಣಿಗಳೂ ಹೀಗೆಯೇ ಇರುತ್ತವೆಂದು ಅವನು ನಂಬಿದ್ದ.

ಆಸ್ತಿಯ ಪರೀಕ್ಷೆ ಮುಗಿದ ಮೇಲೆ ಊಟದ ಪರೀಕ್ಷೆ. ಒಲೆ ಬೇರೆಯಾಗದ ಹೊರತು ಕುಟುಂಬ ಬೇರೆಯಾಗಿಲ್ಲವೆಂಬುದು ಕಚೇರಿಯ ನಿಲುವು. ದೊಡ್ಡಬಸಪ್ಪನವರು ಮನೆಯನ್ನೂ ಐದು ಬಾಗಿಲಿನ ಐದು ಪಾಲು ಮಾಡಿ, ಪಡಸಾಲೆಯನ್ನು ಹೆಂಡತಿಗೆ ಬಿಟ್ಟು, ಐದು ಒಲೆ ಹೂಡಿಸಿದರು. ಅಧಿಕಾರಿಗಳು ಐದನ್ನೂ ಮುಟ್ಟಿ, ಬಿಸಿಯಾಗಿವೆ ಎಂದು ಖಚಿತಪಡಿಸಿಕೊಂಡು, ಪ್ರತಿ ಒಲೆಯ ಪಾತ್ರೆಯಿಂದ ಒಂದೊಂದು ಸೌಟು ಬೇಳೆ ಸಾರು ತರಿಸಿ ಕುಡಿದರು. ಮೂರನೆಯ ಸೌಟಿಗೆ ಅವರ ಮುಖ ಗಂಭೀರವಾಯಿತು. ಐದನೆಯದನ್ನು ಎರಡು ಸಲ ಹಾಕಿಸಿಕೊಂಡರು. ವಾರದೊಳಗೆ ಆದೇಶ ಬಂತು:

"ಐದೂ ಒಲೆಗಳ ಸಾರು ರುಚಿ, ಬಣ್ಣ, ಒಗ್ಗರಣೆಗಳಲ್ಲಿ ಒಂದೇ ಆಗಿರುತ್ತದೆ. ಉತ್ತಮವಾಗಿಯೂ ಇರುತ್ತದೆ. ಆದ್ದರಿಂದ ಕುಟುಂಬವು ಒಳಗಿಂದೊಳಗೆ ಇನ್ನೂ ಒಂದೇ ಎಂದು ತೀರ್ಮಾನಿಸಿ, ವಿಭಜನೆಯ ಅರ್ಜಿಯನ್ನು ತಡೆಹಿಡಿಯಲಾಗಿದೆ."

ಸೊಸೆಯಂದಿರಿಗೆಲ್ಲ ಸಾರು ಕಲಿಸಿದ್ದು ಚನ್ನವೀರಮ್ಮನವರೇ. ಬೇರೆ ರುಚಿ ಎಲ್ಲಿಂದ ತರಲಿ ಎಂದು ಅವರು ಕೇಳಿದ್ದಕ್ಕೆ ವಕೀಲರು ತವರಿನಿಂದ ಎಂದರು. ಅದರಂತೆ ಹಿರಿಯ ಸೊಸೆ ಕುರುಗೋಡಿಗೆ, ನಡುವಿನವಳು ಕೊಳಗಲ್ಲಿಗೆ, ಕಿರಿಯವಳು ಕರೂರಿಗೆ ತಮ್ಮ ತಮ್ಮ ತಾಯಂದಿರ ಸಾರನ್ನು ಮರಳಿ ಕಲಿಯಲು ತೆರಳಿದರು. ಕೊಳಗಲ್ಲಿನ ತಾಯಿ ಅತ್ತೆಯ ಮನೆಯ ಸಾರೇ ಚೆನ್ನಾಗಿದೆ ಎಂದು ಹಟ ಹಿಡಿದದ್ದರಿಂದ ಅಲ್ಲಿ ಸ್ವಲ್ಪ ವಿಳಂಬವಾಯಿತು. ಯಜಮಾನರ ಒಲೆಗೆ ಸೊಸೆ ಇರಲಿಲ್ಲ. ಹೆಂಡತಿ ಕಾನೂನಿನ ಪ್ರಕಾರ ನೆರೆಯವಳು. ಅರವತ್ತೆರಡನೆಯ ವಯಸ್ಸಿನಲ್ಲಿ ದೊಡ್ಡಬಸಪ್ಪನವರು ತಾವೇ ಬೇಳೆಗೆ ನೀರಿಟ್ಟರು.

ಮರುಪರೀಕ್ಷೆಯ ವರದಿ ಸಂಕ್ಷಿಪ್ತವಾಗಿತ್ತು. "ಮೂವರು ಮಕ್ಕಳ ಸಾರು ಪರಸ್ಪರ ಭಿನ್ನವಾಗಿದೆ. ಶ್ರೀ ದೊಡ್ಡಬಸಪ್ಪನವರ ಸಾರನ್ನು ಸೇವಿಸಿದ ತರುವಾಯ, ಇವರು ಸಕಲರಿಂದಲೂ ಬೇರೆಯಾಗಿದ್ದಾರೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ವಿಭಜನೆಯನ್ನು ಅಂಗೀಕರಿಸಿದೆ." ಕೆಳಗೆ ಒಂದು ಷರತ್ತು: ಪಾಲುದಾರರು ಮುಂದೆ ಒಂದೇ ಪಂಕ್ತಿಯಲ್ಲಿ ಉಣ್ಣುವುದು ಕಂಡುಬಂದರೆ ಕುಟುಂಬವು ಮತ್ತೆ ಕೂಡಿಕೊಂಡಿದೆ ಎಂದು ಭಾವಿಸಿ, ಬಾಕಿ ತೆರಿಗೆಯನ್ನು ಬಡ್ಡಿಸಹಿತ ವಸೂಲು ಮಾಡಲಾಗುವುದು.

ಗಂಡಸರು ಆದೇಶವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಆ ರಾತ್ರಿಯಿಂದ ಮೂವರು ಮಕ್ಕಳು ಮೂರು ಕೋಣೆಯಲ್ಲಿ ಉಂಡರು. ಚನ್ನವೀರಮ್ಮನವರು ಹಳೆಯ ಅಳತೆಯಲ್ಲೇ ಸಾರು ಮಾಡಿ, ಬಡಿಸಲು ಯಾರೂ ಇಲ್ಲದೆ, ಸೌಟು ಹಿಡಿದು ಪಡಸಾಲೆಯಲ್ಲಿ ಕೂರುತ್ತಿದ್ದರು. ತಿಂಗಳು ಕಳೆದ ಮೇಲೆ ಒಬ್ಬರೇ ಬಸ್ಸು ಹತ್ತಿ ಕೌಲ್ ಬಜಾರಿಗೆ ಹೋದರು.

"ವಕೀಲ್ರೇ, ಸಂಬಂಧ ಇಲ್ದ ಮಂದಿ ಒಂದ ಪಂಗ್ತಿಯಾಗ ಕುಂದರೋ ಜಾಗ ಯಾವುದೈತ್ರಿ?"

ವಕೀಲರು ಬಹಳ ಹೊತ್ತು ಪುಸ್ತಕ ತಿರುವಿದರು. ಕೊನೆಗೆ ಅದನ್ನು ಮುಚ್ಚಿಟ್ಟು, "ಖಾನಾವಳಿ" ಎಂದರು.

ಶ್ರಾವಣದಲ್ಲಿ ಚನ್ನವೀರಮ್ಮನವರ ಪಾಲಿನ ಪಡಸಾಲೆಗೆ ಖಾನಾವಳಿಯ ಬೋರ್ಡು ಬಿತ್ತು. ಊಟಕ್ಕೆ ಒಂದು ರೂಪಾಯಿ, ರೊಟ್ಟಿ ಬೇಕಾದಷ್ಟು, ಉದ್ರಿ ಇಲ್ಲ. ಮೊದಲ ರಾತ್ರಿ ಮೂವರು ಮಕ್ಕಳು ಮೂರು ಬಾಗಿಲಿನಿಂದ ಹೊರಬಂದು, ರಸ್ತೆಗಿಳಿದು, ನಾಲ್ಕನೆಯ ಬಾಗಿಲಿನಿಂದ ಒಳಬಂದು, ಸಾಲಾಗಿ ಕುಳಿತು ಉಂಡರು. ತಾಯಿ ಬಡಿಸಿ ರೊಕ್ಕ ಎಣಿಸಿಕೊಂಡರು. ಅವರ ಹಿಂದೆಯೇ ಬಂದ ದೊಡ್ಡಬಸಪ್ಪನವರು ನಾಳೆ ಕೊಡುತ್ತೇನೆಂದಾಗ ಬೋರ್ಡಿನ ಕಡೆಗೆ ಬೆರಳು ತೋರಿಸಲಾಯಿತು. ಯಜಮಾನರು ಕೊಟ್ಟೂರಪ್ಪನ ಹತ್ತಿರ ಕೈಗಡ ತೆಗೆದುಕೊಂಡು ಉಂಡರು. ಎರಡು ಪ್ರತ್ಯೇಕ ಕುಟುಂಬಗಳ ನಡುವಿನ ವ್ಯವಹಾರವಾದ್ದರಿಂದ ಚೀಟಿ ಬರೆಯಲಾಯಿತು.

ಸುದ್ದಿ ಕಚೇರಿಗೆ ಮುಟ್ಟಿತು. ಅಧಿಕಾರಿಗಳು ದಿಢೀರ್ ತಪಾಸಣೆಗೆ ಬಂದಾಗ ಅಣ್ಣ ತಮ್ಮಂದಿರು ಒಬ್ಬರ ಮೊಣಕಾಲಿಗೊಬ್ಬರ ಮೊಣಕಾಲು ತಾಗಿಸಿ ಕೂತು, ಯಾವುದೋ ಹಳೆಯ ಮಾತಿಗೆ ನಗುತ್ತಿದ್ದರು.

"ನಿಮ್ಮ ನಿಮ್ಮಲ್ಲಿ ಏನು ಸಂಬಂಧ?"

"ಗಿರಾಕಿಗಳ್ರಿ, ಸಾಹೇಬ್ರ" ಎಂದ ಕೊಟ್ಟೂರಪ್ಪ.

ಅಧಿಕಾರಿಗಳು ರಸೀದಿಗಳನ್ನು ನೋಡಿದರು. ಕ್ರಮಬದ್ಧವಾಗಿದ್ದವು. ತಾವೂ ಒಂದು ರೂಪಾಯಿ ಇಟ್ಟು, ಬೂಟು ಬಿಚ್ಚಿ, ಪಂಗ್ತಿಯ ಕೊನೆಗೆ ಕುಳಿತರು. ಸಾರನ್ನು ಮೂರು ಸಲ ಹಾಕಿಸಿಕೊಂಡರು.

ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ನಾಲ್ಕು ಗಂಡಸರೂ ಮಿತಿಯೊಳಗಿದ್ದರು; ಸರ್ಕಾರಕ್ಕೆ ಒಂದು ಕಾಸೂ ಸಲ್ಲಬೇಕಿರಲಿಲ್ಲ. ಚನ್ನವೀರಮ್ಮನವರದು ಮೋಟಾರಿನ ಬಾಡಿಗೆ ಮತ್ತು ಖಾನಾವಳಿ ಸೇರಿ ಐದು ಸಾವಿರ ದಾಟಿತ್ತು. ಗಾಬರಿಯಾದ ವಕೀಲರು ಸಿರುಗುಪ್ಪಕ್ಕೆ ಧಾವಿಸಿ, ದಾಟಿದ್ದು ಸ್ವಲ್ಪವೇ, ಮುಂದಿನ ವರ್ಷ ಒಬ್ಬ ಗಿರಾಕಿ ಕಡಿಮೆಯಾದರೆ ತೆರಿಗೆಯೇ ಬೀಳುವುದಿಲ್ಲ ಎಂದು ಸಲಹೆ ಕೊಟ್ಟರು.

ಚನ್ನವೀರಮ್ಮನವರು ಪಂಗ್ತಿಯ ಕಡೆ ನೋಡಿದರು.

"ಯಾವನ್ನ ಎಬ್ಬಸ್ಲಿ, ನೀವ ಹೇಳ್ರಿ."

ವಕೀಲರು ಬಳ್ಳಾರಿಯ ಬಸ್ಸು ಹತ್ತಿದರು. ಈ ಭೇಟಿಗೆ ಫೀಸು ಕೇಳಲಿಲ್ಲ.

ಆ ಮನೆಯಲ್ಲಿ ಅಂದಿನಿಂದ ತೆರಿಗೆ ಕಟ್ಟುವವರು ಚನ್ನವೀರಮ್ಮ ಒಬ್ಬರೇ. ಪ್ರತಿ ವರ್ಷ ಗಡುವಿಗೆ ಮೊದಲೇ ಬಳ್ಳಾರಿಗೆ ಹೋಗಿ, ಸೀರೆಯ ಸೆರಗಿನ ಗಂಟು ಬಿಚ್ಚಿ ಕಟ್ಟಿ ಬರುತ್ತಾರೆ. ಅವರ ಅರ್ಜಿಯಲ್ಲಿ ಆದಾಯದ ಮೂಲ ಎಂಬ ಜಾಗದಲ್ಲಿ ಏನು ಬರೆಯಲಿ ಎಂದು ಗುಮಾಸ್ತ ಕೇಳಿದಾಗ ಅವರು, "ಮಕ್ಕಳು ಅಂತ ಬರೀರಿ" ಎಂದರು. ಕಚೇರಿ ಅದನ್ನು ಆಕ್ಷೇಪಣೆಯಿಲ್ಲದೆ ಅಂಗೀಕರಿಸಿದೆ.